ಸಣ್ಣ ಅಕ್ವೇರಿಯಂಗೆ ಪಾಚಿ ತಿನ್ನುವ ಜೀವಿ: ಬಸವನಹುಳುವೋ, ಸೀಗಡಿಯೋ, ಸಕ್ಕರ್ ಮೀನೋ?

ಗಾಜಿಗೆ ಪಾಚಿ ಕಟ್ಟಿದೆ ಎಂದು ಅಕ್ವೇರಿಯಂ ಅಂಗಡಿಗೆ ಹೋದವರ ಕೈಗೆ ಹೆಚ್ಚಿನ ಸಲ ಬರುವುದು ಬೆರಳುದ್ದದ ಒಂದು ಕಪ್ಪು ಸಕ್ಕರ್ ಮೀನು. "ಇದೊಂದು ಬಿಡಿ ಸಾರ್, ಟ್ಯಾಂಕ್ ತಾನೇ ಕ್ಲೀನ್ ಆಗುತ್ತೆ" ಎಂಬ ಮಾತು ಉಚಿತ. ಸರಿಯಾಗಿ ಬೆಳೆದರೆ ಆ ಮೀನು ಒಂದು ಅಡಿ ದಾಟುತ್ತದೆ. ನಿಮ್ಮ ತೊಟ್ಟಿಯ ಅಗಲವೇ ಒಂದು ಅಡಿ!

ಇಲ್ಲಿ ಹೇಳುವುದೆಲ್ಲ ಸಣ್ಣ ತೊಟ್ಟಿಗಳ ಮಾತು: ಒಂದು ಅಡಿ ಚೌಕದ ಕ್ಯೂಬ್‌ನಿಂದ ಹಿಡಿದು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದವರೆಗೆ. ಲೆಕ್ಕದಲ್ಲಿ ಮೊದಲನೆಯದು 28 ಲೀಟರ್, ಎರಡನೆಯದು 56 ಲೀಟರ್. ತಳದ ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 22ರಿಂದ 45 ಲೀಟರ್. ಇಷ್ಟು ನೀರಲ್ಲಿ ಒಂದು ತಪ್ಪು ಜೀವಿಯೂ ಲೆಕ್ಕಕ್ಕೆ ಬರುತ್ತದೆ.

'ಕ್ಲೀನರ್' ಎಂಬ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಪಾಚಿ ತಿಂದದ್ದು ಹಿಕ್ಕೆಯಾಗಿ ಮತ್ತೆ ಅದೇ ನೀರಿಗೆ ಬೀಳುತ್ತದೆ. ಮೀನಿನ ಹಿಕ್ಕೆಯನ್ನು ತಿಂದು ಮುಗಿಸುವ ಪ್ರಾಣಿ ಯಾವ ಅಂಗಡಿಯಲ್ಲೂ ಇಲ್ಲ. ಆದ್ದರಿಂದ ವಾರಕ್ಕೊಮ್ಮೆ ನೀರು ಬದಲಿಸುವುದು, ದಿನಕ್ಕೆ 6ರಿಂದ 8 ಗಂಟೆ ಮಾತ್ರ ದೀಪ ಉರಿಸುವುದು, ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರ ಇಡುವುದು, ಇವು ಯಾವ ಜೀವಿಯನ್ನು ತಂದರೂ ತಪ್ಪುವುದಿಲ್ಲ. ದೀಪಕ್ಕೆ ಒಂದು ಟೈಮರ್ ಪ್ಲಗ್ ಹಾಕಿದರೆ ಅರ್ಧ ಪಾಚಿ ಅಲ್ಲೇ ನಿಲ್ಲುತ್ತದೆ. ಉಳಿದ ಅರ್ಧಕ್ಕೆ ಯಾರನ್ನು ಕರೆತರಬೇಕು ಎಂಬುದಷ್ಟೇ ಪ್ರಶ್ನೆ.

ಆರಿಸುವ ಮೊದಲು ನೋಡಬೇಕಾದದ್ದು

ಮೊದಲು ಪಾಚಿಯ ಜಾತಿ ಗುರುತಿಸಿ. ಇದಕ್ಕೆ ಬೆರಳು, ಹಳೆಯ ಟೂತ್‌ಬ್ರಷ್, ಒಂದು ಬ್ಲೇಡು ಸಾಕು. ಬೆರಳಲ್ಲಿ ಒರೆಸಿದ ಕೂಡಲೇ ಕಾಫಿಪುಡಿ ಕದಡಿದಂತೆ ಕಂದು ಬಣ್ಣ ಎದ್ದು ಬಂದರೆ ಅದು ಡಯಾಟಮ್. ಹೊಸ ತೊಟ್ಟಿಯಲ್ಲಿ ಮೊದಲ ಒಂದೆರಡು ತಿಂಗಳು ಬಂದು, ಬಹುಪಾಲು ತಾನಾಗಿಯೇ ಹೋಗುತ್ತದೆ. ಸ್ಪಂಜಿಗೆ ಜಗ್ಗದೆ ಬ್ಲೇಡಿಗೆ ಮಾತ್ರ ಕಿತ್ತು ಬರುವ ಹಸಿರು ಚುಕ್ಕೆಗಳು ಗ್ರೀನ್ ಸ್ಪಾಟ್. ಟೂತ್‌ಬ್ರಷ್ ತಿರುವಿದಾಗ ಶ್ಯಾವಿಗೆಯಂತೆ ಸುತ್ತಿಕೊಳ್ಳುವುದು ನೂಲುಪಾಚಿ. ಅನೂಬಿಯಸ್ ಗಿಡದ ಎಲೆಯ ಅಂಚಿಗೆ, ಫಿಲ್ಟರ್ ಬಾಯಿಗೆ ಕತ್ತರಿಸಿದ ಗಡ್ಡದಂತೆ ಕಪ್ಪಗೆ ಅಂಟಿದ್ದರೆ ಅದು ಬ್ಲ್ಯಾಕ್ ಬಿಯರ್ಡ್, ಈ ಹವ್ಯಾಸದವರ ತಲೆನೋವು.

ಇನ್ನೆರಡಿವೆ. ಹಾಲಿನ ಕೆನೆಯಂತೆ ಹಾಳೆಹಾಳೆಯಾಗಿ ಎದ್ದು ಬರುವ, ಕೆಟ್ಟ ವಾಸನೆಯ ನೀಲಿಹಸಿರು ಪೊರೆ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಅದನ್ನು ನೆಚ್ಚಿ ತಿನ್ನುವ ಜೀವಿ ಇಲ್ಲ. ಪೊರೆಯನ್ನು ಪೈಪಿನಿಂದ ಎಳೆದು ತೆಗೆದು, ಮೂರು ದಿನ ದೀಪ ಆರಿಸಿ ತೊಟ್ಟಿಗೆ ಕಂಬಳಿ ಹೊದಿಸಿ, ಆಮೇಲೆ ನೀರಿನ ಓಟ ಹೆಚ್ಚಿಸಬೇಕು. ಇಡೀ ನೀರೇ ಹಸಿರು ಶರಬತ್ತಾಗಿದ್ದರೂ ಹಾಗೆಯೇ. ಸೀಗಡಿ, ಬಸವನಹುಳು ಎಷ್ಟು ಬಿಟ್ಟರೂ ತಿಳಿಯಾಗದು. ಈ ಎರಡರಲ್ಲಿ ಒಂದು ನಿಮ್ಮದಾದರೆ ಅಂಗಡಿಗೆ ಹೋಗುವ ಕೆಲಸವೇ ಇಲ್ಲ.

ಎರಡನೆಯದು ನೀರು. ಹೆಚ್ಚಿನವರು ಎಡವುವುದು ಇಲ್ಲೇ. ಬಸವನಹುಳುವಿನ ಚಿಪ್ಪಿಗೂ ಸೀಗಡಿಯ ಕವಚಕ್ಕೂ ಕ್ಯಾಲ್ಸಿಯಂ ಬೇಕು, ಅದು ನೀರಿನ ಗಡಸುತನದಿಂದ ಬರುತ್ತದೆ. ಬಯಲುಸೀಮೆಯ ಬೋರ್ ನೀರು ಸಾಮಾನ್ಯವಾಗಿ ಗಡಸು, ಅಂದರೆ ಬಸವನಹುಳುವಿಗೆ ಹಬ್ಬ. ಮಂಗಳೂರು, ಉಡುಪಿ ಕಡೆಯ ಮುರಕಲ್ಲು ನೆಲದ ಬಾವಿನೀರು ಮೆದು, ಸ್ವಲ್ಪ ಆಮ್ಲೀಯ. ಅಲ್ಲಿ ಚಿಪ್ಪು ಮೇಲಿನಿಂದ ಸವೆಯುತ್ತಾ ಬಿಳಿ ಗುಳಿ ಬೀಳುತ್ತದೆ. ಬೆಂಗಳೂರಿನ ಕಾವೇರಿ ನೀರು ಬೋರ್ ನೀರಿಗಿಂತ ಮೆದು, ಆದರೆ ಕ್ಲೋರಿನ್ ಇರುತ್ತದೆ. ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಕಾವೇರಿ, ಬೋರು, ಟ್ಯಾಂಕರ್ ಮೂರೂ ಬೆರೆತಿರುವುದರಿಂದ ಊಹೆಗಿಂತ ಅಳತೆ ಮೇಲು.

ನೀರಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕ (ಟಿಡಿಎಸ್) ತೋರಿಸುವ ಪೆನ್ನಿನಂಥ ಮೀಟರ್ ಅಗ್ಗ, ಆದರೆ ಅದನ್ನೊಂದೇ ನಂಬಬೇಡಿ. ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟ್‌ನರ್ ನಿಮ್ಮ ಕಟ್ಟಡದಲ್ಲಿದ್ದರೆ ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬಿರುತ್ತದೆ. ಟಿಡಿಎಸ್ 600 ಎಂದು ತೋರಿಸಿದರೂ ಸೀಗಡಿಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ. ಹನಿ ಹಾಕಿ ಗಡಸುತನ (ಜಿಎಚ್) ನೋಡುವ ಟೆಸ್ಟ್ ಕಿಟ್ ಒಂದಿದ್ದರೆ ಈ ಮೋಸ ತಿಳಿಯುತ್ತದೆ. ಇನ್ನು ಆರ್‌ಓ ನೀರನ್ನು ಹಾಗೇ ತುಂಬಿದರೆ ಸೀಗಡಿಯೂ ಬಸವನಹುಳುವೂ ಬಾಳುವುದಿಲ್ಲ. ಬೆರೆಸಿ ಬಳಸಿ: ಬೋರ್ ನೀರಿನ ಟಿಡಿಎಸ್ 800, ಆರ್‌ಓ ನೀರಿನದು 50 ಇದ್ದರೆ ಒಂದು ಬಿಂದಿಗೆ ಬೋರ್ ನೀರಿಗೆ ಮೂರು ಬಿಂದಿಗೆ ಆರ್‌ಓ ಸೇರಿಸಿದಾಗ ಸುಮಾರು 240ಕ್ಕೆ ಬರುತ್ತದೆ. ಚೆರ್ರಿ ಸೀಗಡಿಗೆ ಅದು ಹೇಳಿ ಮಾಡಿಸಿದ ನೀರು. ಬೋರ್ ನೀರನ್ನು ಸಾಫ್ಟ್‌ನರಿಗೆ ಹೋಗುವ ಮುಂಚಿನ ನಲ್ಲಿಯಿಂದ ಹಿಡಿಯಬೇಕು, ಅಷ್ಟೇ.

ಮೂರನೆಯದು, ತೊಟ್ಟಿಯಲ್ಲಿ ಈಗಾಗಲೇ ಯಾರಿದ್ದಾರೆ ಎಂಬುದು. ಬಾಯಿಗೆ ಹಿಡಿಸುವುದನ್ನೆಲ್ಲ ಮೀನು ತಿನ್ನುತ್ತದೆ. ನಾಲ್ಕನೆಯದು, ಬಿಟ್ಟ ಜೀವಿ ಎಷ್ಟು ದೊಡ್ಡದಾಗುತ್ತದೆ, ಮರಿ ಹಾಕಿ ತುಂಬಿಕೊಳ್ಳುತ್ತದೆಯೇ. ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅದೇ ಮುಖ್ಯ: ಪಾಚಿ ಮುಗಿದ ಮೇಲೆ ಇದು ಏನು ತಿನ್ನುತ್ತದೆ?

ನೆರೈಟ್ ಬಸವನಹುಳು

ಗಾಜು ಉಜ್ಜುವ ಕೆಲಸಕ್ಕೆ ಇದನ್ನು ಮೀರಿಸಿದ್ದು ಸಣ್ಣ ತೊಟ್ಟಿಯಲ್ಲಿ ಇಲ್ಲ. ಡಯಾಟಮ್, ಹಸಿರು ಪೊರೆ ಸರಿಯೇ, ಬ್ಲೇಡಿಗೆ ಮಾತ್ರ ಜಗ್ಗುವ ಹಸಿರು ಚುಕ್ಕೆಯನ್ನೂ ಕೆರೆದು ತಿನ್ನುವುದು ಇದೊಂದೇ. ಹಸಿರು ಗಾಜಿನ ಮೇಲೆ ಅದು ಹೋದ ದಾರಿ ಬೆಳಿಗ್ಗೆ ಅಂಕುಡೊಂಕಾಗಿ ತಿಳಿಯಾಗಿ ಕಾಣುತ್ತದೆ, ಯಾರೋ ಬೆರಳಲ್ಲಿ ಗೀಚಿದ ಹಾಗೆ. ಜೀಬ್ರಾ, ಟೈಗರ್ ಎಂದು ಮಾರುವವು ಎರಡೂವರೆ ಸೆಂಟಿಮೀಟರ್ ಆಸುಪಾಸು. ಕೊಂಬಿನ ಜಾತಿ ಅದಕ್ಕಿಂತ ಚಿಕ್ಕದು. 15ರಿಂದ 20 ಲೀಟರಿಗೆ ಒಂದು ಸಾಕು. ಎರಡಡಿ ತೊಟ್ಟಿಗೆ ಎರಡು, ಬಹಳವಾದರೆ ಮೂರು.

ಮರಿಯ ಕಾಟ ಇಲ್ಲ, ಯಾಕೆಂದರೆ ಮರಿ ಬೆಳೆಯಲು ಉಪ್ಪು ಬೆರೆತ ಅಳಿವೆಯ ನೀರು ಬೇಕು. ಆದರೆ ಮೊಟ್ಟೆಯ ಕಾಟ ಇದೆ. ಎಳ್ಳುಕಾಳಿನಂಥ ಗಟ್ಟಿ ಬಿಳಿ ಮೊಟ್ಟೆಗಳನ್ನು ಕಟ್ಟಿಗೆ, ಕಲ್ಲು, ಕೊನೆಗೆ ಪಕ್ಕದ ಬಸವನಹುಳುವಿನ ಬೆನ್ನಿನ ಮೇಲೂ ಅಂಟಿಸಿಬಿಡುತ್ತದೆ. ಗಾಜಿನ ಮೇಲಿದ್ದರೆ ಬ್ಲೇಡಿಗೆ ಬರುತ್ತವೆ. ಕರಿ ಕಟ್ಟಿಗೆಯ ಮೇಲಿದ್ದರೆ ತಿಂಗಳುಗಟ್ಟಲೆ ಹಾಗೇ. ಗಂಡು, ಹೆಣ್ಣು ಬೇರೆಬೇರೆಯಾದರೂ ಹೊರಗಿನಿಂದ ಗುರುತು ಸಿಗದು. ಒಂಟಿ ಹುಳುವೂ ಮೊದಲೇ ಕೂಡಿದ್ದರೆ ಮೊಟ್ಟೆ ಇಡುತ್ತದೆ. ಕಟ್ಟಿಗೆಯ ಅಂದಕ್ಕೇ ತೊಟ್ಟಿ ಮಾಡಿದವರು ಇದೊಂದನ್ನು ಯೋಚಿಸಿ ತರಬೇಕು.

ಇನ್ನೆರಡು ಎಚ್ಚರ. ಇದು ಹತ್ತಿ ಹೊರಗೆ ಹೋಗುತ್ತದೆ, ಮುಚ್ಚಳ ಬೇಕೇ ಬೇಕು. ಬೆನ್ನಡಿಯಾಗಿ ಬಿದ್ದರೆ ಹಲವು ಸಲ ತಾನಾಗಿ ತಿರುಗಲಾರದು, ಕಂಡ ಕೂಡಲೇ ನೆಟ್ಟಗೆ ಇಡಿ. ಒಂದೆರಡು ದಿನ ಕದಲದಿದ್ದರೆ ತೆಗೆದು ಮೂಸಿ ನೋಡಿ; ಸತ್ತಿದ್ದರೆ ಅನುಮಾನಕ್ಕೆ ಎಡೆ ಇಲ್ಲದಷ್ಟು ನಾರುತ್ತದೆ. 20 ಲೀಟರಿನಲ್ಲಿ ಒಂದು ಕೊಳೆತ ಬಸವನಹುಳು ಅಮೋನಿಯಾ ಏರಿಸಿ ಮೀನನ್ನೂ ಕೊಲ್ಲಬಲ್ಲದು.

ಪಿಎಚ್ 7ಕ್ಕಿಂತ ಮೇಲೆ, ಗಡಸು ನೀರು, ಇಷ್ಟಿದ್ದರೆ ಚಿಪ್ಪು ಚೆನ್ನಾಗಿರುತ್ತದೆ. ಕರಾವಳಿಯ ಮೆದು ನೀರಿನವರು ಕಡಲತೀರದ ಕಪ್ಪೆಚಿಪ್ಪು ನಾಲ್ಕೈದನ್ನು ಕುದಿಸಿ ತೊಳೆದು ಫಿಲ್ಟರಿನಲ್ಲಿ ಇಟ್ಟರೆ ಗಡಸುತನ ನಿಧಾನಕ್ಕೆ ಏರುತ್ತದೆ. ಗಿಣಿ ಪಂಜರಕ್ಕೆ ಸಿಕ್ಕಿಸುವ ಕಟಲ್‌ಬೋನ್ ಚೂರೂ ಆದೀತು.

ಚೆರ್ರಿಯೋ, ಅಮಾನೊವೋ

ಸೀಗಡಿ ಎಂದರೆ ಒಂದೇ ಎಂದುಕೊಂಡು ಕೊಳ್ಳುವವರು ಬಹಳ. ಇವೆರಡರ ಕೆಲಸ ಬೇರೆ, ಬೆಲೆ ಬೇರೆ, ಬಾಳು ಬೇರೆ.

ಚೆರ್ರಿ ಸೀಗಡಿ ಎರಡೂವರೆಯಿಂದ ಮೂರು ಸೆಂಟಿಮೀಟರ್. ಅದು ನಿಜವಾಗಿ ಮೇಯುವುದು ಎಲೆ, ಕಲ್ಲು, ಮಾಸ್ ಗಿಡದ ಮೇಲೆ ಕೂರುವ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಳೆಪೊರೆಯನ್ನು. ಪಾಚಿ ಕಟ್ಟದಂತೆ ನೋಡಿಕೊಳ್ಳುತ್ತದೆಯೇ ಹೊರತು, ಕಟ್ಟಿದ ಪಾಚಿಯನ್ನು ಬಿಡಿಸುವುದು ಅದರ ಕೈಲಾಗದು. ಉದ್ದ ನೂಲುಪಾಚಿಯಿಂದ ತುಂಬಿದ ತೊಟ್ಟಿಗೆ ಹತ್ತು ಚೆರ್ರಿ ಬಿಟ್ಟು ಪವಾಡ ಕಾಯಬೇಡಿ. ಮೊದಲು ಕೈಯಿಂದ ಕಿತ್ತು ತೆಗೆಯಿರಿ, ಆಮೇಲೆ ಉಳಿದ ಚಿಗುರನ್ನು ಅವು ನೋಡಿಕೊಳ್ಳುತ್ತವೆ.

ಇದರ ದೊಡ್ಡ ಗುಣ, ಸಿಹಿನೀರಲ್ಲೇ ಮರಿ ಮಾಡುತ್ತದೆ. ಹೆಣ್ಣಿನ ಹೊಟ್ಟೆಯಡಿ 20-30 ಮೊಟ್ಟೆ ಮುತ್ತುಗಳಂತೆ ಜೋತಿರುತ್ತವೆ, ತಿಂಗಳೊಳಗೆ ದೊಡ್ಡವುಗಳ ಪಡಿಯಚ್ಚಿನಂಥ ಮರಿ ಹೊರಬೀಳುತ್ತವೆ. ಹತ್ತು ತಂದರೆ ಆರು ತಿಂಗಳಲ್ಲಿ ಪಕ್ಕದ ಮನೆಗೂ ಕೊಡುವಷ್ಟು ಆಗಬಹುದು. ಕೆಂಪು, ನೀಲಿ, ಹಳದಿ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಮಾತ್ರ ಕೆಲವು ತಲೆಮಾರಿಗೆ ಮಾಸಲು ಕಂದು ಮರಿಗಳೇ ಉಳಿಯುತ್ತವೆ. ಒಂದೇ ಬಣ್ಣ ತನ್ನಿ.

ಕೊರತೆ? ಬಹುತೇಕ ಎಲ್ಲ ಮೀನೂ ಇದರ ಮರಿಯನ್ನು ತಿನ್ನುತ್ತದೆ. ಗಪ್ಪಿ ಇದ್ದರೆ ದೊಡ್ಡ ಸೀಗಡಿ ಉಳಿದಾವು, ಮರಿ ಉಳಿಯುವುದು ದಟ್ಟ ಜಾವಾ ಮಾಸ್ ಇದ್ದರೆ ಮಾತ್ರ. ಬೆಟ್ಟಾ (ಫೈಟರ್ ಮೀನು) ಜೊತೆ ಅದು ಅದೃಷ್ಟದ ಆಟ. ಏಂಜೆಲ್, ಗೋಲ್ಡ್‌ಫಿಶ್ ಜೊತೆ ಆಟವೂ ಇಲ್ಲ, ಊಟ ಅಷ್ಟೇ.

ಅಮಾನೊ ಜಪಾನಿನ ಸೀಗಡಿ. ಗಿಡ ಬೆಳೆಸುವ ಅಕ್ವೇರಿಯಂ ಕಲೆಗೆ ಹೆಸರಾದ ತಕಾಶಿ ಅಮಾನೊ ಅವರಿಂದ ಇದು ಜನಪ್ರಿಯವಾಯಿತು, ಹೆಸರೂ ಅವರದೇ. ನಾಲ್ಕೈದು ಸೆಂಟಿಮೀಟರ್ ಬೆಳೆಯುತ್ತದೆ, ಮೈ ಗಾಜಿನಂತೆ, ಪಕ್ಕೆಯಲ್ಲಿ ಸಾಲು ಚುಕ್ಕೆ. ಹೆಣ್ಣಿನಲ್ಲಿ ಕೆಳಸಾಲಿನವು ಉದ್ದ ಗೀಟುಗಳಾಗಿರುತ್ತವೆ. ನೂಲುಪಾಚಿಯನ್ನು ಎರಡು ಕೈಯಲ್ಲಿ ಎಳೆದೆಳೆದು ಬಾಯಿಗಿಡುವುದನ್ನು ಕಂಡರೆ ಮೆಸ್ಸಿನಲ್ಲಿ ಅನ್ನಸಾರು ಹೊಡೆಯುವ ಹುಡುಗರ ನೆನಪಾಗುತ್ತದೆ. ನೂಲುಪಾಚಿ ನಿಮ್ಮ ಸಮಸ್ಯೆಯಾದರೆ ಚೆರ್ರಿಯ ಹಿಂಡಿಗಿಂತ ಮೂರು ಅಮಾನೊ ಮೇಲು. 8ರಿಂದ 10 ಲೀಟರಿಗೆ ಒಂದರ ಲೆಕ್ಕ ಹಿಡಿಯಿರಿ.

ಬೆಲೆ ಒಂದಕ್ಕೆ ಚೆರ್ರಿಗಿಂತ ಸಾಕಷ್ಟು ಹೆಚ್ಚು. ಮರಿ ಬೆಳೆಯಲು ಉಪ್ಪುನೀರು ಬೇಕಾದ್ದರಿಂದ ಮನೆಯಲ್ಲಿ ಸಂಖ್ಯೆ ಏರದು. ಸತ್ತರೆ ಮತ್ತೆ ಕೊಳ್ಳಬೇಕು. ಆದರೆ ಎರಡು-ಮೂರು ವರ್ಷ ಬಾಳುತ್ತದೆ, ಟೆಟ್ರಾ, ಗಪ್ಪಿಗಳ ನಡುವೆ ತನ್ನ ಜಾಗ ತಾನು ಉಳಿಸಿಕೊಳ್ಳುತ್ತದೆ. ಮೀನಿನ ಕಾಳಿನ ರುಚಿ ಹತ್ತಿದರೆ ಪಾಚಿಯತ್ತ ತಿರುಗಿಯೂ ನೋಡುವುದಿಲ್ಲ. ಆಗ ಮೀನಿಗೆ ಹಾಕುವ ಕಾಳನ್ನೇ ಕಡಿಮೆ ಮಾಡಿ, ವಾರಕ್ಕೊಂದು ದಿನ ಎಲ್ಲರಿಗೂ ಉಪವಾಸ.

ಕೊಳ್ಳುವಾಗ ಮುಂಗಾಲು ನೋಡಿ. ತೆಳ್ಳಗೆ ಉದ್ದನೆಯ ಚಿಮಟದಂಥ ಕೈಗಳಿದ್ದರೆ ಅದು ಅಮಾನೊ ಅಲ್ಲ, ಪಾಚಿಗಿಂತ ಪಕ್ಕದವರನ್ನು ಹಿಡಿಯುವ ಮ್ಯಾಕ್ರೊಬ್ರಾಕಿಯಂ ಜಾತಿ. ಗೋಸ್ಟ್ ಶ್ರಿಂಪ್ ಎಂಬ ಹೆಸರಲ್ಲಿ ಬರುವವುಗಳಲ್ಲೂ ಇವು ಸೇರಿರುತ್ತವೆ. ರಾತ್ರಿ ಮಲಗಿದ ಗಪ್ಪಿ ಬೆಳಿಗ್ಗೆ ಅರ್ಧ ಉಳಿದಿರುತ್ತದೆ.

ಎರಡೂ ಸೀಗಡಿಗೆ ಸಮಾನವಾದ ಮಾತುಗಳು ಕೆಲವಿವೆ. ತೊಟ್ಟಿ ಕನಿಷ್ಠ 4ರಿಂದ 6 ವಾರ ಓಡಿ, ಅಮೋನಿಯಾ, ನೈಟ್ರೈಟ್ ಎಂಬ ಎರಡೂ ವಿಷ ಸೊನ್ನೆ ಇರಬೇಕು. ಜಿಎಚ್ 6ರಿಂದ 10 ಇದ್ದರೆ ಒಳ್ಳೆಯದು. ನೀರು ಬದಲಿಸುವುದು ಒಮ್ಮೆಗೆ ಶೇ. 10-15 ಮಾತ್ರ, ಅರ್ಧ ತೊಟ್ಟಿ ಒಮ್ಮೆಲೇ ಬದಲಿಸಿದರೆ ಅಕಾಲದಲ್ಲಿ ಕವಚ ಕಳಚಲು ಹೋಗಿ ಸಿಕ್ಕಿಕೊಂಡು ಸಾಯುತ್ತವೆ. ಕತ್ತಿನ ಹಿಂದೆ ಸುತ್ತಲೂ ಬಿಳಿ ಪಟ್ಟಿ ಕಂಡರೆ ಅದೇ ತೊಂದರೆ. ತಳದಲ್ಲಿ ಬಿದ್ದ ಟೊಳ್ಳು ಬಿಳಿ ಕವಚ ಕಂಡು ಸತ್ತಿತೆಂದು ಗಾಬರಿ ಬೇಡ, ಅದು ಪೊರೆ ಬಿಟ್ಟದ್ದು. ಹಾಗೇ ಬಿಡಿ, ಕ್ಯಾಲ್ಸಿಯಂಗೆ ಅವೇ ತಿನ್ನುತ್ತವೆ. ಪವರ್ ಫಿಲ್ಟರ್ ಇದ್ದರೆ ಹೀರುವ ಬಾಯಿಗೆ ಸ್ಪಂಜಿನ ಟೋಪಿ ಹಾಕಿ. ಗಾಳಿಪಂಪಿನ ಸ್ಪಂಜ್ ಫಿಲ್ಟರ್ ಆದರೆ ಆ ಚಿಂತೆಯೂ ಇಲ್ಲ, ಸ್ಪಂಜಿನ ಮೇಲೇ ಕೂತು ಮೇಯುತ್ತವೆ.

ವಿಷದ ವಿಷಯದಲ್ಲಿ ಸೀಗಡಿ ಬಲು ಸೂಕ್ಷ್ಮ. ಮೀನಿನ ಬಿಳಿಚುಕ್ಕೆ ರೋಗದ ಕೆಲವು ಔಷಧಗಳಲ್ಲಿ ತಾಮ್ರ ಇರುತ್ತದೆ, ಒಂದು ಡೋಸಿಗೆ ಹಿಂಡೇ ಹೋಗುತ್ತದೆ. ಅದಕ್ಕಿಂತ ನಮ್ಮ ಮನೆಗಳಲ್ಲಿ ದಿನವೂ ಇರುವ ಅಪಾಯ ಸೊಳ್ಳೆಬತ್ತಿ ಮತ್ತು ಲಿಕ್ವಿಡ್ ಮೆಷಿನ್ನು. ಅವುಗಳಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕ ಸೀಗಡಿಯನ್ನೂ ಕೀಟವೆಂದೇ ಬಗೆಯುತ್ತದೆ, ಗಾಳಿಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಸೀಗಡಿ ಇರುವ ಕೋಣೆಗೆ ಸೊಳ್ಳೆ ಪರದೆಯೇ ಸರಿ. ಜಿರಳೆ ಸ್ಪ್ರೇ ಅಂತೂ ಆ ಕೋಣೆಯಲ್ಲಿ ಬೇಡವೇ ಬೇಡ.

ಓಟೊ ಮೀನು: ಚಂದ, ಆದರೆ ಎಲ್ಲರಿಗಲ್ಲ

ಸಣ್ಣ ತೊಟ್ಟಿಗೆ ಹೊಂದುವ ಸಕ್ಕರ್ ಬಾಯಿಯ ಮೀನು ಎಂದರೆ ಓಟೊಸಿಂಕ್ಲಸ್. ನಾಲ್ಕು ಸೆಂಟಿಮೀಟರ್ ಆಸುಪಾಸು, ಸಾಧು, ಸೀಗಡಿ ಮರಿಯನ್ನೂ ಮುಟ್ಟದು. ಎಲೆಯನ್ನು ಹರಿಯದೆ ಡಯಾಟಮ್, ಹಸಿರು ಪೊರೆಯನ್ನು ಒರೆಸಿ ತಿನ್ನುತ್ತದೆ. ನೂಲುಪಾಚಿ, ಕಪ್ಪುಗಡ್ಡ ಇದರ ಬಾಯಿಗೆ ಸೇರದು.

ತೊಡಕು ಏನೆಂದರೆ, ಅಂಗಡಿಗೆ ಬರುವ ಓಟೊಗಳು ಬಹುಪಾಲು ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಹಿಡಿದವು. ದಾರಿಯುದ್ದಕ್ಕೂ ಉಪವಾಸ ಬಂದು, ಅಂಗಡಿಯ ತೊಳೆದಿಟ್ಟ ತೊಟ್ಟಿಯಲ್ಲಿ ಮತ್ತೆ ಉಪವಾಸ ಬಿದ್ದಿರುತ್ತವೆ. ಕೊಳ್ಳುವಾಗ ಬೆನ್ನು ನೋಡಬೇಡಿ, ಗಾಜಿಗೆ ಅಂಟಿದಾಗ ಹೊಟ್ಟೆ ನೋಡಿ. ದುಂಡಗೆ ಉಬ್ಬಿದ ಬಿಳಿ ಹೊಟ್ಟೆ ಇದ್ದರೆ ಸರಿ. ಒಳಗೆ ಗುಳಿ ಬಿದ್ದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಅಂಗಡಿಗೆ ಬಂದು ಎರಡು ವಾರ ಆದ ಮೇಲೆ ಉಳಿದವುಗಳನ್ನು ತರುವುದು ಜಾಣತನ. ಸಾಯುವವು ಅಷ್ಟರಲ್ಲಿ ಸತ್ತಿರುತ್ತವೆ.

ಹಿಂಡಿನ ಮೀನು, ಕನಿಷ್ಠ ಆರು ಬೇಕು. ಆರಕ್ಕೆ ಒಂದಡಿ ಕ್ಯೂಬ್ ಸಾಲದು, ಎರಡಡಿ ತೊಟ್ಟಿ ಬೇಕು, ಅದೂ ಮೂರು ತಿಂಗಳು ಹಳತಾಗಿರಬೇಕು. ಹೊಸ ತೊಟ್ಟಿಯ ಕಂದು ಪಾಚಿಗೆಂದು ಓಟೊ ತರುವುದು ಎಲ್ಲರೂ ಮಾಡುವ ತಪ್ಪು. ವಾರದಲ್ಲಿ ಪಾಚಿ ಮುಗಿಯುತ್ತದೆ, ಮುಂದಿನ ವಾರದಿಂದ ಮೀನು ಒಂದೊಂದಾಗಿ ಮುಗಿಯುತ್ತವೆ. ಸೌತೆಕಾಯಿಯ ಸಿಪ್ಪೆ ತೆಗೆದು ಬಿಲ್ಲೆ ಕೊಯ್ದು, ಒಂದೆರಡು ನಿಮಿಷ ಕುದಿಸಿ, ಸ್ಟೀಲ್ ಫೋರ್ಕಿಗೆ ಚುಚ್ಚಿ ತಳಕ್ಕಿಳಿಸಿ. ಮೊದಲ ಮೂರು-ನಾಲ್ಕು ದಿನ ಮೂಸಿಯೂ ನೋಡದಿರಬಹುದು; ದಿನವೂ ಹೊಸದು ಹಾಕಿ, 12 ಗಂಟೆ ಕಳೆದ ಮೇಲೆ ಹಳೆಯದನ್ನು ತೆಗೆಯಿರಿ.

ನೀರಿನಲ್ಲಿ ಓಟೊ ನೆರೈಟ್‌ಗೆ ತದ್ವಿರುದ್ಧ: ಮೆದು ನೀರು, ಪಿಎಚ್ 6ರಿಂದ 7.5, ಬಿಸಿ 22ರಿಂದ 26 ಡಿಗ್ರಿ. ಮಲೆನಾಡು, ಕರಾವಳಿಯ ಮೆದು ನೀರಿನವರಿಗೆ ಬಸವನಹುಳು ಸವೆಯುವಲ್ಲಿ ಓಟೊ ನಳನಳಿಸುತ್ತದೆ, ಸೆಕೆಗಾಲದಲ್ಲಿ ನೀರು ಕಾಯದಂತೆ ನೋಡಿಕೊಂಡರೆ. ಬೋರ್ ನೀರಿನವರಿಗೆ ಉಲ್ಟಾ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಸೆಕೆಗೆ ಫ್ಯಾನ್ ಇಟ್ಟು ನೀರು ತಣಿಸುವ ವ್ಯವಸ್ಥೆ ಇಲ್ಲದಿದ್ದರೆ ಓಟೊ ಆಸೆ ಬಿಡುವುದು ಒಳ್ಳೆಯದು. ಸೀಗಡಿಗೂ 30 ಡಿಗ್ರಿ ದಾಟಿದರೆ ಕಷ್ಟವೇ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಅಂಥ ದಿನ ಕರೆಂಟ್ ಹೋದರೆ ಬ್ಯಾಟರಿಯ ಗಾಳಿಪಂಪು ಕೈಗೆಟುಕುವಂತಿರಲಿ.

ಪುಕ್ಕಟೆ ಬರುವ ಬಸವನಹುಳು

ಗಿಡದ ಜೊತೆ ಮೊಟ್ಟೆಯಾಗಿ ಬರುವ ರಾಮ್ಸ್‌ಹಾರ್ನ್, ಬ್ಲ್ಯಾಡರ್ ಜಾತಿಗಳನ್ನು ಕಂಡೊಡನೆ ಜಜ್ಜುವವರೇ ಹೆಚ್ಚು. ಅನ್ಯಾಯ ಅದು. ಮೆತ್ತನೆ ಪಾಚಿ, ಕೊಳೆತ ಎಲೆ, ಮೀನು ಬಿಟ್ಟ ಕಾಳು ಎಲ್ಲ ತಿನ್ನುತ್ತವೆ, ಆರೋಗ್ಯದ ಗಿಡವನ್ನು ಸಾಮಾನ್ಯವಾಗಿ ಮುಟ್ಟವು. ಕಾಸು ಖರ್ಚಿಲ್ಲದೆ ಆಗಬೇಕು ಅನ್ನುವವರಿಗೆ ಇದೇ ಉತ್ತರ. ಸಂಖ್ಯೆ ಏರುವುದು ನೀವು ಹಾಕುವ ಕಾಳಿನ ಲೆಕ್ಕದಲ್ಲಿ. ನೂರಾರು ಆಗಿವೆ ಎಂದರೆ ಕಾಳು ಹೆಚ್ಚಾಗಿದೆ ಎಂದೇ ಅರ್ಥ. ರಾತ್ರಿ ಒಂದು ಸೌತೆಕಾಯಿ ತುಂಡು ಇಳಿಬಿಟ್ಟು ಬೆಳಿಗ್ಗೆ ಎತ್ತಿದರೆ ಹುಳುಗಳೂ ಜೊತೆಗೇ ಬರುತ್ತವೆ. ಮರಳಿನ ತಳ ಇದ್ದವರಿಗೆ ಉದ್ದ ಚಿಪ್ಪಿನ ಮಲೇಷಿಯನ್ ಟ್ರಂಪೆಟ್ ಒಳ್ಳೆಯ ಉಳುಮೆಗಾರ, ಹಗಲಲ್ಲಿ ಮರಳೊಳಗೇ ಇರುತ್ತದೆ.

ಗದ್ದೆ, ಕೆರೆಯಿಂದ ಹಿಡಿದು ತಂದು ಬಿಡುವುದು ಮಾತ್ರ ಬೇಡ. ನಮ್ಮ ಕೆರೆಗಳ ಚಪ್ಪಟೆ ಸುರುಳಿಯ ಬಸವನಹುಳು ಪರಾವಲಂಬಿ ಹುಳುಗಳಿಗೆ ಆಸರೆಯಾಗಿರುತ್ತದೆ. ಅಂಥ ನೀರಿಗೆ ಕೈ ಹಾಕಿದರೆ ಚರ್ಮ ತುರಿಸಿ ಗಂಧೆ ಏಳಬಹುದು.

ಮಿಸ್ಟರಿ ಸ್ನೇಲ್ ಎಂದು ಮಾರುವ ಹಳದಿ ಗೋಲಿ ನೋಡಲು ಸೊಗಸು, ಪಾಚಿ ತಿನ್ನುವುದರಲ್ಲಿ ಸಾಧಾರಣ, ಹಿಕ್ಕೆ ಹಾಕುವುದರಲ್ಲಿ ಮೊದಲು.

ಸಣ್ಣ ತೊಟ್ಟಿಗೆ ಬೇಡವಾದವು

ಸಾಮಾನ್ಯ ಸಕ್ಕರ್ ಮೀನಿನ ಮಾತು ಆಗಲೇ ಬಂತು. ಅದು ದೊಡ್ಡದಾಯಿತೆಂದು ಕೆರೆಗೆ ಬಿಡುವವರಿಂದಾಗಿ ದಕ್ಷಿಣ ಭಾರತದ ಹಲವು ಕೆರೆ, ಹೊಳೆಗಳಲ್ಲಿ ಈಗ ಅದೇ ತುಂಬಿದೆ. ಮುಳ್ಳು ಬೆಸ್ತರ ಬಲೆ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಈಗಾಗಲೇ ಮನೆಯಲ್ಲಿದ್ದರೆ ಅಂಗಡಿಗೆ ವಾಪಸು ಕೊಡಿ, ನೀರಿಗೆ ಬಿಡಬೇಡಿ. ಗಿಡ್ಡ ಜಾತಿಯಾದ ಬ್ರಿಸಲ್‌ನೋಸ್ 12 ಸೆಂಟಿಮೀಟರಿಗೆ ನಿಲ್ಲುತ್ತದೆ, ಒಳ್ಳೆಯ ಕೆಲಸಗಾರ, ಆದರೆ ಅದಕ್ಕೂ ಮೂರಡಿ ತೊಟ್ಟಿ ಬೇಕು.

ಗೋಲ್ಡನ್ ಸಕ್ಕರ್ ಎಂದು ಬರುವ ಹಳದಿ ಮೀನು ಹೆಚ್ಚಾಗಿ ಚೈನೀಸ್ ಆಲ್ಗಿ ಈಟರ್. ಎಳೆಯದರಲ್ಲಿ ಪಾಚಿ ತಿನ್ನುತ್ತದೆ, ಬಲಿತ ಮೇಲೆ ಉಳಿದ ಮೀನುಗಳ ಮೈಗೆ ಅಂಟಿ ಲೋಳೆ ಹೀರುತ್ತದೆ. ಸಯಾಮೀಸ್ ಆಲ್ಗಿ ಈಟರ್ ಬೇರೆಯೇ ಮೀನು, ಕಪ್ಪುಗಡ್ಡ ಪಾಚಿ ತಿನ್ನುವ ಅಪರೂಪದವುಗಳಲ್ಲಿ ಒಂದು; ಕಪ್ಪು ಪಟ್ಟೆ ಬಾಲದ ತುದಿಯವರೆಗೂ ಹರಿದಿದ್ದರೆ ಅಸಲಿ. ಆದರೆ 15 ಸೆಂಟಿಮೀಟರ್ ಬೆಳೆದು, ಓಡಾಡಿ, ಹಾರುವ ಮೀನು ಅದು. ಎರಡಡಿ ತೊಟ್ಟಿ ಅದಕ್ಕೆ ಸೆರೆಮನೆ.

ಹಾಗಾದರೆ ಸಣ್ಣ ತೊಟ್ಟಿಯ ಕಪ್ಪುಗಡ್ಡಕ್ಕೆ? ಜೀವಿಯನ್ನು ನೆಚ್ಚಬೇಡಿ. ಅನೂಬಿಯಸ್, ಕಲ್ಲು, ಕಟ್ಟಿಗೆಯನ್ನು ಹೊರತೆಗೆದು, ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ಗಡ್ಡದ ಮೇಲಷ್ಟೇ ಕುಂಚದಲ್ಲಿ ಹಚ್ಚಿ, ಎರಡು-ಮೂರು ನಿಮಿಷ ಬಿಟ್ಟು ತೊಳೆದು ವಾಪಸಿಡಿ. ಕೆಲವು ದಿನಕ್ಕೆ ಗಡ್ಡ ಕೆಂಪಾಗಿ, ಬೆಳ್ಳಗಾಗುತ್ತದೆ. ಹಾಗೆ ಸತ್ತದ್ದನ್ನು ಅಮಾನೊ ಖುಷಿಯಿಂದ ತಿನ್ನುತ್ತದೆ.

ಯಾರಿಗೆ ಯಾವುದು

ಒಂದಡಿ ಕ್ಯೂಬು, ಒಂದು ಬೆಟ್ಟಾ: ಒಂದು ನೆರೈಟ್, ಅಷ್ಟೇ. ಬೆಟ್ಟಾ ಅದರ ಮೀಸೆ ಕಚ್ಚುತ್ತಾ ಕೂತರೆ ನೆರೈಟ್ ತೆಗೆದು ಕೈಯಲ್ಲಿ ಸ್ಪಂಜು ಹಿಡಿಯಿರಿ. ಅದೇ ಕ್ಯೂಬಿನಲ್ಲಿ ಮೀನಿಲ್ಲದೆ ಗಿಡ ಮಾತ್ರ ಇದ್ದರೆ ಹತ್ತು ಚೆರ್ರಿ, ಒಂದು ನೆರೈಟ್. ಈ ಹಣಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎರಡಡಿ ತೊಟ್ಟಿ, ಗಪ್ಪಿ ಅಥವಾ ಟೆಟ್ರಾ, ಗಡಸು ನೀರು: ಎರಡು ನೆರೈಟ್, ನಾಲ್ಕು ಅಮಾನೊ. ಕೈ ಬಿಗಿಯಿದ್ದರೆ ಮೊದಲು ನೆರೈಟ್ ಮಾತ್ರ ತನ್ನಿ, ನೂಲುಪಾಚಿ ಕಂಡಾಗ ಅಮಾನೊ ನೋಡೋಣ. ಮೆದು ನೀರಿನ, ಹಳತಾದ, ಗಿಡ ತುಂಬಿದ ಎರಡಡಿ ತೊಟ್ಟಿಗೆ ಆರು ಓಟೊ. ಚಿಪ್ಪು ಹಾಕಿ ಗಡಸುತನ ಸ್ವಲ್ಪ ಏರಿಸಿದ್ದರೆ ಜೊತೆಗೆ ಚೆರ್ರಿ.

ಗೋಲ್ಡ್‌ಫಿಶ್ ಇದ್ದವರಿಗೆ ಯಾವುದೂ ಬೇಡ, ಅಯಸ್ಕಾಂತದ ಗ್ಲಾಸ್ ಕ್ಲೀನರ್ ಒಂದು ಸಾಕು. ತೊಟ್ಟಿ ಹಾಕಿ ಮೂರು ವಾರವಾಗಿ ಎಲ್ಲೆಲ್ಲೂ ಕಂದು ಪುಡಿ ಕಟ್ಟಿದವರು ಕಾಯಬೇಕು. ಅಂಗಡಿಯವನು ಏನೇ ಹೇಳಲಿ.

ಮನೆಗೆ ತಂದ ದಿನ

ಕವರು ಹತ್ತು ನಿಮಿಷ ತೇಲಿಸಿ ಸುರಿಯುವ ಪದ್ಧತಿ ಸೀಗಡಿಗೂ ಓಟೊಗೂ ಆಗದು. ಸಣ್ಣ ಬಕೆಟ್ಟಿಗೆ ಕವರಿನ ನೀರಿನ ಸಮೇತ ಬಿಡಿ. ಏರ್ ಪಂಪಿನ ಪೈಪನ್ನು ತೊಟ್ಟಿಯಿಂದ ಇಳಿಬಿಟ್ಟು, ಬಾಯಿಂದ ಒಮ್ಮೆ ಹೀರಿ ನೀರು ಹರಿಸಿ, ಪೈಪಿಗೆ ಸಡಿಲ ಗಂಟು ಹಾಕಿ. ಸೆಕೆಂಡಿಗೆ ಎರಡು ಹನಿಗೆ ಗಂಟು ಬಿಗಿಯಾಗಲಿ. ಎರಡು ಗಂಟೆಯಲ್ಲಿ ಬಕೆಟ್ಟಿನ ನೀರು ಮೂರ್ನಾಲ್ಕು ಪಟ್ಟಾಗುತ್ತದೆ. ಆಮೇಲೆ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡಿ, ಬಕೆಟ್ಟಿನ ನೀರು ಚೆಲ್ಲಿ. ಆ ರಾತ್ರಿ ದೀಪ ಬೇಡ. ಸೀಗಡಿ ಒಂದೆರಡು ದಿನ ಅಡಗಿರುವುದು ಸಹಜ. ಎಲ್ಲವೂ ಒಟ್ಟಿಗೆ ಮೇಲಕ್ಕೇರಿ ನೀರಿನಿಂದ ಹೊರಬರಲು ಒದ್ದಾಡಿದರೆ ಅಮೋನಿಯಾ ಅಳೆಯಿರಿ.

ಇನ್ನು ಮುಂದೆ ಗಾಜು ಉಜ್ಜುವಾಗ ಮುಂದಿನ ಗಾಜನ್ನಷ್ಟೇ ಉಜ್ಜಿ. ಹಿಂದಿನ ಗಾಜಿನ ಪಾಚಿ ಹಾಗೇ ಇರಲಿ, ತಂದ ಜೀವಿಗೆ ಅದೇ ಹುಲ್ಲುಗಾವಲು. ಅದೂ ಬರಿದಾಯಿತೆಂದು ಕಂಡ ವಾರ ರಸ್ತೆಬದಿಯ ಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಎಲೆ ಒಂದನ್ನು ತೊಳೆದು ನೀರಿಗೆ ಹಾಕಿ. ಕೆಲವು ದಿನಕ್ಕೆ ಅದರ ಮೇಲೆ ಲೋಳೆಪೊರೆ ಕಟ್ಟುತ್ತದೆ, ತಿಂಗಳಿಗೆ ಎಲೆಯ ನರಗಳಷ್ಟೇ ಉಳಿದಿರುತ್ತವೆ. ಆಗ ಇನ್ನೊಂದು ಹಾಕಿ.